ಪುಸ್ತಕದ ಲೆಕ್ಕ, ಬೆಂಚಿನ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯ ಕೇಳಿವೆ. ಚರ್ಚುಗಳು ತಮ್ಮ ಜನರನ್ನು ಹೇಗೆ ಎಣಿಸುತ್ತವೆ? ಸಂಖ್ಯೆ ಏರಿತು, ಇಳಿಯಿತು ಅಂತ ಹೇಳಿದರೆ ನಂಬುವುದು ಹೇಗೆ? ಬೆಂಗಳೂರಿನ ಒಂದು ಕನ್ನಡ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು 19 ವರ್ಷ ಸದಸ್ಯರ ರಿಜಿಸ್ಟರ್ ನೋಡಿಕೊಂಡವಳು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಅಮ್ಮಾ, ನಮ್ಮ ಸಭೆಯ ವಾರ್ಷಿಕ ವರದಿಯಲ್ಲಿ 1,100 ಸದಸ್ಯರು ಅಂತ ಅಚ್ಚಾಗಿದೆ. ಭಾನುವಾರ ಆರಾಧನೆಗೆ ಬರುವವರು ಹೆಚ್ಚೆಂದರೆ 300 ಜನ. ಯಾವುದು ಸುಳ್ಳು? (ಓದುಗರೊಬ್ಬರು, ಕಮ್ಮನಹಳ್ಳಿ)

ಎರಡೂ ಸುಳ್ಳಲ್ಲ. ಒಂದು ಪುಸ್ತಕದ ಲೆಕ್ಕ, ಇನ್ನೊಂದು ಬೆಂಚಿನ ಲೆಕ್ಕ. ವರದಿ ಬರೆದವರು ಇದು ಯಾವ ಲೆಕ್ಕ ಅಂತ ಹೇಳಿಲ್ಲ, ಅಲ್ಲೇ ತಪ್ಪಾಗಿರುವುದು.

ಪುಸ್ತಕದ ಲೆಕ್ಕವೂ ಒಂದೇ ಅಲ್ಲ. ನಮ್ಮಂಥ ಸಭೆಗಳಲ್ಲಿ ಮಗುವಿಗೆ ದೀಕ್ಷಾಸ್ನಾನ ಆದ ದಿನ ಹೆಸರು ಒಂದು ಪಟ್ಟಿಗೆ ಹೋಗುತ್ತದೆ. ಬೆಳೆದು ದೃಢೀಕರಣ (ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ವಿಧಿ) ಆದ ಮೇಲೆ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಸೇರುವವರ ಪಟ್ಟಿಗೆ ಬರುತ್ತದೆ. ಸಂದಾ (ಸಭೆಯ ವಂತಿಗೆ) ಸರಿಯಾಗಿ ಕಟ್ಟಿದ ದೊಡ್ಡವರು ಕಮಿಟಿ ಚುನಾವಣೆಯ ಮತದಾರರ ಪಟ್ಟಿಗೆ ಬರುತ್ತಾರೆ. ಒಂದೇ ಸಭೆ, ಮೂರು ಸಂಖ್ಯೆ. ವರದಿಗೆ ಸಾಮಾನ್ಯವಾಗಿ ದೊಡ್ಡದೇ ಹೋಗುತ್ತದೆ. ಚುನಾವಣೆ ಹತ್ತಿರ ಬಂದಾಗ ಮಾತ್ರ ಎಲ್ಲರೂ ಚಿಕ್ಕ ಪಟ್ಟಿಯ ಬಗ್ಗೆ ಮಾತಾಡುತ್ತಾರೆ.

ಇನ್ನು ಬೆಂಚಿನ ಲೆಕ್ಕ. ನಾನು ಎಣಿಸುತ್ತಿದ್ದದ್ದು ಎರಡನೇ ಕೀರ್ತನೆ ಹಾಡುವಾಗ, ಹಿಂದಿನ ಬಾಗಿಲ ಹತ್ತಿರ ನಿಂತು. ಮೊದಲ ಕೀರ್ತನೆಗೆ ಎಣಿಸಿದರೆ ತಡವಾಗಿ ಬರುವವರು ಬಿಟ್ಟುಹೋಗುತ್ತಾರೆ. ಪ್ರಸಂಗದ ಹೊತ್ತಿಗೆ ಮಕ್ಕಳು ಸಂಡೆ ಸ್ಕೂಲಿಗೆ ಹೋಗಿಬಿಟ್ಟಿರುತ್ತಾರೆ. ಗಾಯಕರ ಗುಂಪನ್ನು ಎಣಿಸುವುದು ಮರೆತೇ ಹೋಗುತ್ತಿತ್ತು. ಹೊರಗೆ ಮರದ ಕೆಳಗೆ ನಿಂತು ಕೇಳುವ ಗಂಡಸರನ್ನು ಏನು ಮಾಡುವುದು? ನಾನು ಅವರನ್ನೂ ಸೇರಿಸುತ್ತಿದ್ದೆ. ಬಂದಿದ್ದಾರಲ್ಲ.

ಈಗ ನಿಮ್ಮ 800 ಜನರ ವಿಷಯ. ಅವರು ಎಲ್ಲಿ? ನಮ್ಮ ಸಭೆಯಲ್ಲೂ ಇಂಥದೇ ಅಂತರ ಇತ್ತು. ಒಂದು ವರ್ಷ ಈಸ್ಟರ್ ಹಿಂದಿನ ಉಪವಾಸ ಕಾಲದಲ್ಲಿ ನಾನೂ ಇನ್ನಿಬ್ಬರು ಹೆಂಗಸರೂ ರಿಜಿಸ್ಟರ್ ಹಿಡಿದು ಮನೆ ಮನೆಗೆ ಹೊರಟೆವು. ಲಿಂಗರಾಜಪುರದಿಂದ ಶುರು ಮಾಡಿ ಬಾಣಸವಾಡಿ, ಹೆಣ್ಣೂರು, ಆ ಕಡೆ ಕೆ.ಆರ್. ಪುರದವರೆಗೆ. ಒಂದು ಮನೆಯಲ್ಲಿ ಮೂರು ಹೆಸರು ಇತ್ತು, ಇದ್ದವರು ಅಜ್ಜಿ ಒಬ್ಬರೇ. ಮಗ, ಸೊಸೆ ದುಬೈನಲ್ಲಿ. ಇನ್ನೊಂದು ಕುಟುಂಬ ವೈಟ್‌ಫೀಲ್ಡ್‌ಗೆ ಮನೆ ಬದಲಿಸಿ ಅಲ್ಲೇ ಹತ್ತಿರದ ಇಂಗ್ಲಿಷ್ ಆರಾಧನೆಗೆ ಹೋಗುತ್ತಿತ್ತು. ಒಬ್ಬರು ತೀರಿಹೋಗಿ ಎರಡು ವರ್ಷವಾಗಿತ್ತು. ಸ್ವಂತ ಊರಿನಲ್ಲಿ ಮಣ್ಣು ಮಾಡಿದ್ದರು, ನಮಗೆ ಯಾರೂ ಹೇಳಿರಲಿಲ್ಲ. ನಾನು ಎರಡು ವರ್ಷವೂ ಅವರನ್ನು ಬದುಕಿರುವವರ ಜೊತೆ ಕೂಡಿಸಿ ಬಿಷಪ್ಪರ ಆಡಳಿತವಾದ ಡಯಾಸಿಸ್‌ಗೆ ಕಳಿಸಿದ್ದೆ.

ಮತ್ತೆ ಒಂದಷ್ಟು ಮನೆಗಳಿದ್ದವು. ವರ್ಷಪೂರ್ತಿ ಬರುವುದಿಲ್ಲ, ಸಂದಾ ಮಾತ್ರ ತಪ್ಪಿಸುವುದಿಲ್ಲ. ಯಾಕೆ ಅಂದರೆ ಮಗಳ ಮದುವೆಗೆ ಮೂರು ಭಾನುವಾರ ಪ್ರಕಟಣೆ ಓದಬೇಕು. ಸತ್ತರೆ ಹೊಸೂರು ರಸ್ತೆಯಲ್ಲೋ ಕಲ್ಪಳ್ಳಿಯಲ್ಲೋ ಸಮಾಧಿಗೆ ಜಾಗ ಕೇಳುವಾಗ ಸಭೆಯಿಂದ ಒಂದು ಪತ್ರ ಬೇಕು. ಇವರನ್ನು ಬರೀ ಹೆಸರಿನ ಕ್ರೈಸ್ತರು ಅಂತ ಕೆಲವರು ಹಗುರವಾಗಿ ಮಾತಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಮದುವೆಯನ್ನೂ ಸಾವನ್ನೂ ಇನ್ನೂ ನಮ್ಮ ಕೈಗೆ ಕೊಡುತ್ತಿದ್ದಾರೆ ಅಂದರೆ ಅವರು ದೂರ ಹೋಗಿಲ್ಲ.

ನಿಮ್ಮ ಸಭೆಯ ವಾರ್ಷಿಕ ಕೂಟದಲ್ಲಿ ಎದ್ದು ನಿಂತು ಒಂದೇ ಮಾತು ಕೇಳಿ: "ಈ 1,100 ಯಾವ ಪಟ್ಟಿಯದು?" ಜಗಳಕ್ಕಲ್ಲ, ತಿಳಿಯುವುದಕ್ಕೆ.

ಪ್ರಶ್ನೆ: ಪಕ್ಕದ ಮನೆಯ ಕ್ಯಾಥೊಲಿಕ್ ಆಂಟಿ "ಒಮ್ಮೆ ಜ್ಞಾನಸ್ನಾನ ಆದರೆ ಕೊನೆತನಕ ಲೆಕ್ಕ" ಅನ್ನುತ್ತಾರೆ. ನನ್ನ ಬ್ಯಾಪ್ಟಿಸ್ಟ್ ಗೆಳತಿ ತಾನಿನ್ನೂ ಸದಸ್ಯಳೇ ಅಲ್ಲ ಅನ್ನುತ್ತಾಳೆ, ಹುಟ್ಟಿದಾಗಿಂದ ಚರ್ಚಿಗೆ ಹೋಗುತ್ತಿದ್ದರೂ. ಹೀಗಾದರೆ ಎರಡು ಚರ್ಚುಗಳನ್ನು ಹೋಲಿಸುವುದು ಹೇಗೆ? (ಕಾಲೇಜು ವಿದ್ಯಾರ್ಥಿನಿ, ರಾಜಾಜಿನಗರ)

ನೇರವಾಗಿ ಹೋಲಿಸಬಾರದು, ಪುಟ್ಟಿ. ಅಪ್ಪ, ಅಮ್ಮ, ಮೂರು ಚಿಕ್ಕ ಮಕ್ಕಳ ಒಂದು ಮನೆ ಅಂದುಕೊಳ್ಳಿ. ಕ್ಯಾಥೊಲಿಕರು ಜ್ಞಾನಸ್ನಾನ ಅನ್ನುವುದು ನಮ್ಮ ದೀಕ್ಷಾಸ್ನಾನವನ್ನೇ, ಚಿಕ್ಕ ಮಕ್ಕಳಿಗೂ ಕೊಡುತ್ತಾರೆ. ಹಾಗಾಗಿ ಅವರ ಲೆಕ್ಕದಲ್ಲಿ ಐದು. ಬ್ಯಾಪ್ಟಿಸ್ಟ್ ಲೆಕ್ಕದಲ್ಲಿ ಎರಡು, ಯಾಕೆಂದರೆ ಅಲ್ಲಿ ತಾನಾಗಿ ನಂಬಿಕೆ ಒಪ್ಪಿ ಮುಳುಗುಸ್ನಾನ ತೆಗೆದುಕೊಂಡವರು ಮಾತ್ರ ಸದಸ್ಯರು. ನಮ್ಮ ಸಿಎಸ್‌ಐ ಪುಸ್ತಕದಲ್ಲಿ ಒಂದು ಪಟ್ಟಿಯಲ್ಲಿ ಐದು, ಇನ್ನೊಂದರಲ್ಲಿ ಎರಡು.

ಕ್ಯಾಥೊಲಿಕ್ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. 1983ರ ಅವರ ಧರ್ಮಸಭೆಯ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇರಲೇಬೇಕು. ಜ್ಞಾನಸ್ನಾನದ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಪಕ್ಕದಲ್ಲೇ ಮುಂದೆ ದೃಢೀಕರಣ, ಮದುವೆ, ಗುರುದೀಕ್ಷೆ ಎಲ್ಲವನ್ನೂ ಬರೆಯುತ್ತಾರೆ. ಚಿಕ್ಕ ಊರಲ್ಲಿ ಜ್ಞಾನಸ್ನಾನ ಪಡೆದ ಹುಡುಗಿಗೆ ಶಿವಾಜಿನಗರದಲ್ಲಿ ಮದುವೆಯಾದರೆ ಇಲ್ಲಿಂದ ಆ ಊರಿಗೆ ಸುದ್ದಿ ಹೋಗಬೇಕು. ಅಲ್ಲಿನ ಫಾದರ್ ಹಳೆಯ ಪುಸ್ತಕ ತೆಗೆದು ಆ ಸಾಲಿನ ಪಕ್ಕ ಬರೆಯಬೇಕು. ಒಬ್ಬ ಮನುಷ್ಯನಿಗೆ ಒಂದು ಸಾಲು, ಬದುಕು ಪೂರ್ತಿ. ಆದರೆ ಆ ಹುಡುಗಿ ಈಗ ಪ್ರತಿ ವಾರ ಪೂಜೆಗೆ ಹೋಗುತ್ತಾಳಾ ಅನ್ನುವುದನ್ನು ಆ ಪುಸ್ತಕ ಹೇಳುವುದಿಲ್ಲ. ಪ್ರಪಂಚದಲ್ಲಿ 140 ಕೋಟಿ ಕ್ಯಾಥೊಲಿಕರು ಅನ್ನುವುದು ಜ್ಞಾನಸ್ನಾನದ ಲೆಕ್ಕ.

ಇದಕ್ಕೆ ಪೂರ್ತಿ ಉಲ್ಟಾ ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದ್ದು. ಸಾರುವ ಕೆಲಸದಲ್ಲಿ ಪಾಲು ತೆಗೆದುಕೊಂಡೆ ಅಂತ ತಿಂಗಳ ವರದಿ ಕೊಟ್ಟವರನ್ನೇ ಅವರು ಎಣಿಸುವುದು. ಅದು 90 ಲಕ್ಷದ ಆಸುಪಾಸು. ವರ್ಷಕ್ಕೊಮ್ಮೆ ಯೇಸುವಿನ ಮರಣವನ್ನು ನೆನೆಯುವ ಅವರ ಸ್ಮರಣೆಯ ಕೂಟಕ್ಕೆ ಮಾತ್ರ 2 ಕೋಟಿಗೂ ಜಾಸ್ತಿ ಜನ ಸೇರುತ್ತಾರೆ.

ಪ್ರಶ್ನೆ: ಯೂರೋಪು, ಅಮೆರಿಕದಲ್ಲಿ ಚರ್ಚುಗಳು ಖಾಲಿಯಾಗುತ್ತಿವೆ ಅಂತ ಪೇಪರಿನಲ್ಲಿ ಬರುತ್ತದೆ. ಅದನ್ನು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? (ನಿವೃತ್ತ ಉಪಾಧ್ಯಾಯರು, ಹನುಮಂತನಗರ)

ಮೇಷ್ಟ್ರೇ, ದೇಶಕ್ಕೊಂದು ರೀತಿ ಇದೆ.

ಜರ್ಮನಿಯಲ್ಲಿ ಲೆಕ್ಕ ಬಹಳ ಖಚಿತ, ಯಾಕೆಂದರೆ ಅಲ್ಲಿ ಚರ್ಚ್ ತೆರಿಗೆ ಇದೆ. ಸದಸ್ಯರ ಆದಾಯ ತೆರಿಗೆಯ ಮೇಲೆ ರಾಜ್ಯ ನೋಡಿಕೊಂಡು 8 ಅಥವಾ 9 ಪರ್ಸೆಂಟ್ ಸೇರಿಸಿ ವಸೂಲಿ ಮಾಡಿ ಚರ್ಚಿಗೆ ಕೊಡುತ್ತಾರೆ. ಬಿಡಬೇಕಾದರೆ ಸರ್ಕಾರಿ ಕಚೇರಿಗೆ ಹೋಗಿ ಬರೆದುಕೊಡಬೇಕು. ಸುಮ್ನೆ ಬರುವುದು ನಿಲ್ಲಿಸಿದರೆ ಬಿಟ್ಟಂತೆ ಆಗುವುದಿಲ್ಲ. 2022ರ ಒಂದೇ ವರ್ಷ 5,20,000ಕ್ಕೂ ಹೆಚ್ಚು ಜನ ಹೀಗೆ ಕ್ಯಾಥೊಲಿಕ್ ಚರ್ಚ್ ಬಿಟ್ಟರು. ಅಷ್ಟೂ ಜನ ಸಹಿ ಹಾಕಿದ್ದಾರೆ. ನಮ್ಮಲ್ಲಿ ಯಾರೂ ಹೀಗೆ ಸಹಿ ಹಾಕಿ ಹೋಗುವುದಿಲ್ಲ. ಸದ್ದಿಲ್ಲದೆ ಹೋಗುತ್ತಾರೆ, ಹೋದದ್ದೇ ನಮಗೆ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನವರು ಅಕ್ಟೋಬರಿನಲ್ಲಿ ನಾಲ್ಕು ವಾರ ತಲೆ ಎಣಿಸುತ್ತಾರೆ. ಕ್ರಿಸ್ಮಸ್ ಅಲ್ಲ, ಈಸ್ಟರ್ ಅಲ್ಲ, ಬೇಸಿಗೆ ರಜೆಯೂ ಅಲ್ಲ. ಸಾಧಾರಣ ವಾರಗಳು. ಇದರ ಜೊತೆ ಅವರಲ್ಲಿ ಒಂದು ಮತದಾರರ ಪಟ್ಟಿ ಇದೆ. ಆರು ವರ್ಷಕ್ಕೊಮ್ಮೆ ಹಳೆಯದನ್ನು ಬದಿಗಿಟ್ಟು ಪ್ರತಿಯೊಬ್ಬರೂ ಹೊಸದಾಗಿ ಹೆಸರು ಬರೆಸಬೇಕು. 2019ರಲ್ಲಿ ಹಾಗೆ ಆಯಿತು, ಆಮೇಲೆ 2025ರಲ್ಲಿ. ಪಟ್ಟಿ ಹೊಸದಾದ ವರ್ಷ ಸಂಖ್ಯೆ ದಿಢೀರ್ ಇಳಿಯುತ್ತದೆ. ಪೇಪರು ನೋಡಿದವರಿಗೆ ಆ ವರ್ಷವೇ ಜನ ಓಡಿಹೋದರು ಅನ್ನಿಸುತ್ತದೆ. ನಿಜವಾಗಿ ಅವರು ಐದಾರು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಹೋಗಿರುತ್ತಾರೆ, ಲೆಕ್ಕಕ್ಕೆ ಸಿಗುವುದು ಆ ವರ್ಷ.

ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ ವಿಷಯ ಇನ್ನೂ ಯೋಚಿಸುವಂತೆ ಮಾಡುತ್ತದೆ. 2006ರಲ್ಲಿ ಅವರು 1.63 ಕೋಟಿ ಇದ್ದರು. 2023ಕ್ಕೆ 1.3 ಕೋಟಿಗಿಂತ ಕೆಳಗೆ ಬಂದರು. ಆದರೆ ಅದೇ 2023ರಲ್ಲಿ ಅವರ ಆರಾಧನೆಗೆ ಬರುವವರು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿದ್ದರು, ದೀಕ್ಷಾಸ್ನಾನಗಳೂ ಹೆಚ್ಚಾಗಿದ್ದವು. ಪುಸ್ತಕ ಇಳಿಯುತ್ತಿತ್ತು, ಬೆಂಚು ತುಂಬುತ್ತಿತ್ತು. ಸಭೆಗಳು ಎಷ್ಟೋ ವರ್ಷದಿಂದ ಕಾಣದವರ ಹೆಸರು ತೆಗೆದಾಗಲೂ ಪುಸ್ತಕ ಇಳಿಯುತ್ತದೆ, ಅದನ್ನು ಮರೆಯಬಾರದು.

ಇನ್ನೊಂದು ದಾರಿ ಜನರನ್ನೇ ಕೇಳುವುದು. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 1937ರಲ್ಲಿ ಅಮೆರಿಕದವರನ್ನು ಕೇಳಿದಾಗ 73 ಪರ್ಸೆಂಟ್ ಜನ ನಾವು ಯಾವುದೋ ಒಂದು ಚರ್ಚಿನ ಅಥವಾ ದೇವಾಲಯದ ಸದಸ್ಯರು ಅಂದಿದ್ದರು. 2020ರಲ್ಲಿ 47 ಪರ್ಸೆಂಟ್. ಅರ್ಧಕ್ಕಿಂತ ಕಡಿಮೆಯಾದದ್ದು ಅದೇ ಮೊದಲು. ಇದರಲ್ಲಿ ಯಾವ ಚರ್ಚಿನ ರಿಜಿಸ್ಟರೂ ಇಲ್ಲ, ಜನರ ಬಾಯಿಮಾತು ಅಷ್ಟೇ. ಹಾಗಿದ್ದೂ ಇಷ್ಟು ವರ್ಷ ಒಂದೇ ಪ್ರಶ್ನೆ ಕೇಳಿದ್ದರಿಂದ ಅದಕ್ಕೊಂದು ತೂಕ ಇದೆ.

ಪ್ರಶ್ನೆ: ನಾನು ಮಂಗಳೂರಿನವನು. 11 ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಊರಿನ ಸಭೆಯಲ್ಲಿ ಹೆಸರು ಇನ್ನೂ ಇದೆ, ಇಲ್ಲೂ ಸಂದಾ ಕಟ್ಟುತ್ತೇನೆ. ತಪ್ಪಾ? (ಓದುಗರೊಬ್ಬರು, ಜೆ.ಪಿ. ನಗರ)

ನೀವು ಎರಡು ಸಲ ಎಣಿಕೆಯಾಗುತ್ತಿದ್ದೀರಿ, ತಮ್ಮಾ. ಬೆಂಗಳೂರಿನಲ್ಲಿ ನಿಮ್ಮ ಹಾಗೆ ಇರುವವರು ಬಹಳ. ಕೋಲಾರದವರು, ಚಾಮರಾಜನಗರದವರು, ಹುಬ್ಬಳ್ಳಿ ಕಡೆಯವರು. ಅಜ್ಜ ಅಜ್ಜಿಯ ಸಮಾಧಿ ಇರುವ ಊರಿನ ಪುಸ್ತಕದಿಂದ ಹೆಸರು ತೆಗೆಸಲು ಮನಸ್ಸು ಬರುವುದಿಲ್ಲ. ನನಗದು ಅರ್ಥವಾಗುತ್ತದೆ.

ಇದರ ಮೇಲೆ ನಮ್ಮ ಊರಿನದೇ ಒಂದು ತೊಡಕು ಇದೆ. ಒಂದೇ ಕಾಂಪೌಂಡಿನಲ್ಲಿ ಬೆಳಿಗ್ಗೆ ಇಂಗ್ಲಿಷ್, ಆಮೇಲೆ ಕನ್ನಡ, ಇನ್ನೊಂದು ಹೊತ್ತಿಗೆ ತಮಿಳು. ಗಂಡ ಒಂದಕ್ಕೆ, ಹೆಂಡತಿ ಇನ್ನೊಂದಕ್ಕೆ, ಮಕ್ಕಳು ಎರಡಕ್ಕೂ. ಬಾಗಿಲಲ್ಲಿ ಎಣಿಸಿದ ಮೂರು ಚೀಟಿ ಕೂಡಿಸಿದರೆ ಆ ಮಕ್ಕಳು ಡಬಲ್ ಆಗುತ್ತಾರೆ.

ಊರಿನ ಅಯ್ಯನವರಿಗೆ (ಸಭಾಪಾಲಕರಿಗೆ) ಒಂದು ಪತ್ರ ಬರೆದು ವರ್ಗಾವಣೆ ಪತ್ರ ತರಿಸಿಕೊಳ್ಳಿ. ಸದಸ್ಯತ್ವ ಇಲ್ಲಿಗೆ ಬರಲಿ. ಊರಿನ ಸುಗ್ಗಿ ಹಬ್ಬಕ್ಕೆ ಕಾಣಿಕೆ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಎಲ್ಲಿ ನೋಡಿದರೂ ಹೊಸ ಚರ್ಚ್ ಬೋರ್ಡ್ ಕಾಣುತ್ತದೆ. ಆದರೆ ಜನಗಣತಿಯಲ್ಲಿ ಕ್ರೈಸ್ತರ ಪಾಲು ಹೆಚ್ಚಾಗಿಲ್ಲ ಅನ್ನುತ್ತಾರೆ. ಯಾವುದನ್ನು ನಂಬುವುದು? (ಓದುಗರೊಬ್ಬರು, ಯಶವಂತಪುರ)

ಬೋರ್ಡ್ ಎಣಿಸಿದರೆ ಜನರನ್ನು ಎಣಿಸಿದಂತಲ್ಲ. ಒಂದು ಸಭೆ ಒಡೆದು ಮೂರಾದರೆ ಬೋರ್ಡ್ ಮೂರು, ಜನ ಅಷ್ಟೇ.

ಸರ್ಕಾರದ ಜನಗಣತಿ ಯಾವ ಚರ್ಚಿನ ಸದಸ್ಯ ಅಂತ ಕೇಳುವುದಿಲ್ಲ. ಯಾವ ಧರ್ಮ ಅಂತ ಕೇಳುತ್ತದೆ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತದೆ. 1951ರಲ್ಲಿ ದೇಶದಲ್ಲಿ ಕ್ರೈಸ್ತರು 2.3 ಪರ್ಸೆಂಟ್. 1971ರಲ್ಲಿ 2.6ಕ್ಕೆ ಏರಿತು. 2011ರಲ್ಲಿ ಮತ್ತೆ 2.3, ತಲೆ ಲೆಕ್ಕದಲ್ಲಿ 2.78 ಕೋಟಿ. ಕರ್ನಾಟಕದಲ್ಲಿ 2011ರಲ್ಲಿ ಸುಮಾರು 11.4 ಲಕ್ಷ, ಅಂದರೆ 1.87 ಪರ್ಸೆಂಟ್.

ಈ ಸಂಖ್ಯೆಯ ಹಿಂದೆ ಒಂದು ನೋವಿನ ಸಂಗತಿಯೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಕ್ರೈಸ್ತ ಅಂತ ಬರೆಸಿದರೆ ಮಗನ ಸೀಟು, ಮಗಳ ಕೆಲಸ ಕೈತಪ್ಪುತ್ತದೆ ಅನ್ನುವ ಭಯ ದಲಿತ ಕುಟುಂಬಗಳಲ್ಲಿ ಇದೆ. ಪ್ರಾರ್ಥನೆ ಒಂದು ಕಡೆ, ಕಾಗದದಲ್ಲಿ ಇನ್ನೊಂದು. ಚರ್ಚಿನ ಪುಸ್ತಕವೂ ಜನಗಣತಿಯೂ ತಾಳೆಯಾಗದೆ ಇರುವುದಕ್ಕೆ ಇದೂ ಒಂದು ಕಾರಣ. ಆ ಕುಟುಂಬಗಳನ್ನು ನಾನು ದೂರುವುದಿಲ್ಲ. ಆಯ್ಕೆ ಅವರದಾಗಿರಲಿಲ್ಲ.

ಪ್ರಶ್ನೆ: ಮೇಡಂ, ಈ ವರ್ಷ ನನ್ನನ್ನು ಸಭೆಯ ಕಾರ್ಯದರ್ಶಿ ಮಾಡಿದ್ದಾರೆ. ವಯಸ್ಸು 29. ರಿಜಿಸ್ಟರ್ ಸರಿಮಾಡಬೇಕು ಅಂದರೆ ಒಬ್ಬ ಹಿರಿಯರು "ದಾವೀದ ಜನರನ್ನು ಎಣಿಸಿ ಶಿಕ್ಷೆ ಅನುಭವಿಸಿದ" ಅಂತ ತಡೆಯುತ್ತಾರೆ. ಏನು ಮಾಡಲಿ? (ಯುವಕರೊಬ್ಬರು, ಕೆಂಗೇರಿ)

ಹಿರಿಯರು ಹೇಳಿದ ದಾವೀದ ರಾಜನ ಕಥೆ ಬೈಬಲಿನ ಎರಡನೇ ಸಮುವೇಲನ 24ನೇ ಅಧ್ಯಾಯದಲ್ಲಿದೆ. ಆದರೆ ಅರಣ್ಯಕಾಂಡದ ಮೊದಲ ಅಧ್ಯಾಯವನ್ನೂ ಅವರ ಜೊತೆ ಕೂತು ಓದಿ. ಅಲ್ಲಿ ಎಣಿಸು ಅಂತ ಮೋಶೆಗೆ ಹೇಳಿದ್ದೇ ದೇವರು. ಬಂದ ಲೆಕ್ಕ 6,03,550. ಅದರಲ್ಲೂ 20 ವರ್ಷ ದಾಟಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರು ಮಾತ್ರ. ಯೇಸು ಐದು ರೊಟ್ಟಿಯಿಂದ ಜನರಿಗೆ ಊಟ ಕೊಟ್ಟ ಕಥೆಯಲ್ಲೂ 5,000 ಗಂಡಸರು, ಹೆಂಗಸರು ಮಕ್ಕಳನ್ನು ಬಿಟ್ಟು. ಅದನ್ನು ಓದುವಾಗೆಲ್ಲ ನಾನು ಆ ಬಿಟ್ಟವರನ್ನು ನೆನೆಯುತ್ತೇನೆ. ಅವರೂ ರೊಟ್ಟಿ ತಿಂದರಲ್ವಾ?

ನೀವು ಮಾಡಬೇಕಾದ್ದು ಇಷ್ಟು. ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಒಳಗೆ ಬಂದವರು: ದೀಕ್ಷಾಸ್ನಾನ, ದೃಢೀಕರಣ, ಬೇರೆ ಸಭೆಯಿಂದ ಪತ್ರ ತಂದವರು. ಬಲಗಡೆ ಹೋದವರು: ಮರಣ, ಪತ್ರ ತೆಗೆದುಕೊಂಡು ಹೋದವರು, ಮದುವೆಯಾಗಿ ಬೇರೆ ಸಭೆ ಸೇರಿದವರು. ಕಳೆದ ವರ್ಷದ ಸಂಖ್ಯೆಗೆ ಎಡಗಡೆ ಕೂಡಿಸಿ, ಬಲಗಡೆ ಕಳೆಯಿರಿ. ಮನೆಮನೆಯ ಎಣಿಕೆಗೆ ಅದು ತಾಳೆಯಾಗಬೇಕು. ಮೊದಲ ವರ್ಷ ಖಂಡಿತ ಆಗುವುದಿಲ್ಲ. ಹೆದರಬೇಡಿ. ವ್ಯತ್ಯಾಸ ಇರುವಲ್ಲಿ ಒಂದು ಮನೆ ಇದೆ, ಅಲ್ಲಿಗೆ ಹೋಗಿ.

ಬೆಂಚಿನ ಎಣಿಕೆಗೆ ನಾಲ್ಕು ಸಾಧಾರಣ ಭಾನುವಾರ ಆರಿಸಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಹೊತ್ತು. ಕ್ರಿಸ್ಮಸ್ ಲೆಕ್ಕ ಬೇಕಾದರೆ ಬೇರೆ ಬರೆದಿಡಿ. ಯೂಟ್ಯೂಬಿನಲ್ಲಿ ಆರಾಧನೆ ನೋಡಿದವರ ಸಂಖ್ಯೆಯನ್ನು ದಯವಿಟ್ಟು ಇದಕ್ಕೆ ಕೂಡಿಸಬೇಡಿ. ಒಂದು ಫೋನಿನ ಮುಂದೆ ಐದು ಜನ ಇರಬಹುದು, ಅರ್ಧ ನಿಮಿಷ ನೋಡಿ ಹೋದವರೂ ಇರಬಹುದು.

ಒಂದು ಹಳೆಯ ಪದ್ಧತಿ ನಿಮಗೆ ತಿಳಿದಿರಲಿ. ನಮ್ಮ ಕನ್ನಡ ಸಭೆಗಳಲ್ಲಿ ಹಲವು ವೆಸ್ಲಿಯನ್ ಮಿಷನ್ನಿನವು. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್ ಆ ಮಿಷನ್ನಿನ ಜೋಸಾಯ ಹಡ್ಸನ್ ಹೆಸರಿನದು. ಅವೆನ್ಯೂ ರಸ್ತೆಯ ರೈಸ್ ಚರ್ಚ್ ಲಂಡನ್ ಮಿಷನ್ನಿನದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿಎಸ್‌ಐ ಹುಟ್ಟಿದಾಗ ಇವೆಲ್ಲ ಒಂದಾದವು. ಆ ವೆಸ್ಲಿಯನ್ನರ ಮೂಲಪುರುಷ ಜಾನ್ ವೆಸ್ಲಿ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸುಮಾರು ಹನ್ನೆರಡು ಜನರ ಚಿಕ್ಕ ಗುಂಪುಗಳನ್ನು ಕಟ್ಟಿದ. ಶುರುವಾದದ್ದು ಕಟ್ಟಡದ ಸಾಲ ತೀರಿಸಲು, ತಲೆಗೆ ವಾರಕ್ಕೊಂದು ಪೆನ್ನಿ. ಅದನ್ನು ವಸೂಲಿ ಮಾಡಲು ಗುಂಪಿನ ನಾಯಕ ಪ್ರತಿ ವಾರ ಮನೆಗೆ ಹೋಗಬೇಕಾಯಿತು. ಹೋದಾಗ ಕಾಯಿಲೆ, ಕುಡಿತ, ಗಂಡ ಹೆಂಡಿರ ಜಗಳ ಎಲ್ಲ ಕಣ್ಣಿಗೆ ಬಿತ್ತು. ಹಣದ ಲೆಕ್ಕ ಜನರ ಆರೈಕೆಯಾಯಿತು. ಮೂರು ತಿಂಗಳಿಗೊಮ್ಮೆ ಪ್ರತಿ ಸದಸ್ಯನ ಕೈಗೆ ಹೊಸ ಟಿಕೆಟ್ ಕೊಡುತ್ತಿದ್ದರು. ಟಿಕೆಟ್ ಕೊಡಬೇಕಾದರೆ ಮುಖ ನೋಡಲೇಬೇಕು. ವೆಸ್ಲಿಯನ್ ಲೆಕ್ಕಗಳಲ್ಲಿ ಪೂರ್ಣ ಸದಸ್ಯರು ಬೇರೆ, ಪರೀಕ್ಷೆಯ ಕಾಲದಲ್ಲಿ ಇರುವವರು ಬೇರೆ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲಿ ಹಳೆಯ ಮಿಷನ್ ದಾಖಲೆಗಳಿವೆ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ನೋಡಿ.

ಪ್ರಶ್ನೆ: ನನ್ನ ತಾಯಿಗೆ 84 ವರ್ಷ. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಸಂದಾ ಬಾಕಿ ಅಂತ ಸಭೆಯ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ. (ಮಗಳು, ಚಾಮರಾಜಪೇಟೆ)

ನಿಮ್ಮ ಪತ್ರ ಓದಿ ನನಗೆ ಆ ದಿನ ಊಟ ಸೇರಲಿಲ್ಲ. ಯಾಕೆಂದರೆ ನಾನೂ ಇದೇ ತಪ್ಪು ಮಾಡಿದ್ದೇನೆ.

ರಿಜಿಸ್ಟರ್ ಕೈಗೆ ಬಂದ ಎರಡನೇ ವರ್ಷ. ಬಾಕಿ ಇದ್ದವರ ಹೆಸರಿನ ಮೇಲೆ ಕೆಂಪು ಗೆರೆ ಎಳೆಯಲು ಕಮಿಟಿಯಲ್ಲಿ ತೀರ್ಮಾನವಾಯಿತು. ನಾನು ಸ್ಕೇಲ್ ಇಟ್ಟು ನೀಟಾಗಿ ಎಳೆದೆ. ಈಸ್ಟರ್ ಹಿಂದಿನ ವಾರ ಒಬ್ಬ ತಾತ ಮೊಮ್ಮಗನ ಭುಜ ಹಿಡಿದು ಬಂದರು. ಕಣ್ಣು ಪೂರ್ತಿ ಹೋಗಿತ್ತು. ಬಾಕಿ ಹಣವನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. "ನನ್ನ ಹೆಸರು ಓದಮ್ಮ, ಕೇಳಬೇಕು" ಅಂದರು. ನಾನು ಕೆಂಪು ಗೆರೆಯ ಕೆಳಗಿನ ಹೆಸರನ್ನು ಓದಿದೆ. ಅವರಿಗೆ ಗೆರೆ ಕಾಣಲಿಲ್ಲ. ಆ ವಾರವೇ ಆ ಪುಟವನ್ನು ಹೊಸದಾಗಿ ಬರೆದೆ. ಮನೆಗೆ ಹೋಗಿ ನೋಡದೆ ಯಾರ ಹೆಸರನ್ನೂ ತೆಗೆಯುವುದಿಲ್ಲ ಅಂತ ಕಮಿಟಿಗೆ ಬರೆದುಕೊಟ್ಟೆ. ಉಳಿದ 17 ವರ್ಷ ಹಾಗೇ ನಡೆಸಿದೆ.

ಈಗ ನೀವು ಹೀಗೆ ಮಾಡಿ. ನಿಮ್ಮ ಅಯ್ಯನವರನ್ನು ಮನೆಗೆ ಕರೆಯಿರಿ. ಕಮಿಟಿಯವರನ್ನಲ್ಲ, ಮೊದಲು ಅವರನ್ನು. ಅಮ್ಮನಿಗೆ ಮನೆಯಲ್ಲೇ ಕರ್ತನ ಭೋಜನ ಕೊಡಲು ಕೇಳಿ. ಹಾಸಿಗೆ ಹಿಡಿದವರಿಗೆ ಹಾಗೆ ಬಂದು ಕೊಡುವುದು ಅವರ ಕೆಲಸವೇ. ಅಮ್ಮ ಹೇಗಿದ್ದಾರೆ ಅಂತ ಅವರು ಕಣ್ಣಾರೆ ನೋಡಲಿ. ಆಮೇಲೆ ಬಾಕಿ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಕಟ್ಟುವುದು ಕಷ್ಟ ಇದ್ದರೆ ಮಾಫಿ ಮಾಡಿ ಅಂತ ಬರೆಯಿರಿ, ಅದರಲ್ಲಿ ನಾಚಿಕೆ ಬೇಡ. ಹೆಸರು ಮತ್ತೆ ಸೇರಿಸಲು ಒಂದು ಅರ್ಜಿ ಕೊಡಿ. ಅದರಲ್ಲಿ ದೀಕ್ಷಾಸ್ನಾನದ ವರ್ಷ, ದೃಢೀಕರಣದ ವರ್ಷ, ಆ ಸಭೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅನ್ನುವುದು ಇರಲಿ. ಪ್ರತಿಯೊಂದು ಕಾಗದದ ಜೆರಾಕ್ಸ್ ಇಟ್ಟುಕೊಳ್ಳಿ.

ಅಮ್ಮನಿಗೆ ಹೆಸರು ತೆಗೆದ ವಿಷಯ ಹೇಳಬೇಕಾಗಿಲ್ಲ. ಸೇರಿಸಿದ ಮೇಲೆ ಆ ಪುಟದ ಒಂದು ಫೋಟೋ ಫೋನಿನಲ್ಲಿ ತೆಗೆದು ಅವರಿಗೆ ತೋರಿಸಿ. ನನಗೂ ಒಂದು ಕಾರ್ಡ್ ಹಾಕಿ, ಪತ್ರಿಕೆಯ ವಿಳಾಸಕ್ಕೇ ಸಾಕು. ಕಾಯುತ್ತಿರುತ್ತೇನೆ.